ಗ್ವಾಡಲೂಪ್ ನದಿಯ ದಡದಲ್ಲಿ ಟೆಂಟ್ ಹಾಕುವುದು: ಜಾಗ ಕಾಯ್ದಿರಿಸುವುದರಿಂದ ಗೂಟ ಕೀಳುವವರೆಗೆ

ಟೆಕ್ಸಾಸ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮೊದಲ ಬಾರಿಗೆ ಟೆಂಟ್ ಹಾಕಲು ಹೊರಟಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಅವೇ. ಯಾವ ಟೆಂಟ್ ಕೊಳ್ಳಬೇಕು, ಅಡುಗೆ ಹೇಗೆ, ಶೌಚಾಲಯ ಇದೆಯೇ, ಕರಡಿ ಬರುತ್ತದೆಯೇ. ಕರಡಿಯ ಭಯ ಇಲ್ಲಿ ಬೇಡ. ಉಳಿದವಕ್ಕೆ ಉತ್ತರ ಕೆಳಗಿದೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ, ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ನದಿಯಲ್ಲಿ ಈಗ ನೀರು ಎಷ್ಟಿದೆ?

ಈ ಬರಹ ಸ್ಯಾನ್ ಆಂಟೋನಿಯೊ ನಗರದ ಉತ್ತರಕ್ಕಿರುವ ಗ್ವಾಡಲೂಪ್ ರಿವರ್ ಸ್ಟೇಟ್ ಪಾರ್ಕ್ ಕುರಿತದ್ದು. 1983ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಉದ್ಯಾನಕ್ಕೆ ಸುಮಾರು 4 ಮೈಲಿ ಉದ್ದದ ನದೀತೀರವಿದೆ. ದಡದುದ್ದಕ್ಕೂ ಬಾಲ್ಡ್ ಸೈಪ್ರೆಸ್ ಮರಗಳು ನೀರಿಗೇ ಬೇರು ಇಳಿಬಿಟ್ಟು ನಿಂತಿವೆ. ಕಾವೇರಿ ದಂಡೆಯ ಹೊಳೆಮತ್ತಿ ಮರಗಳ ಕೆಳಗೆ ಕುಳಿತವರಿಗೆ ಆ ನೆರಳು ಹೊಸದೆನಿಸುವುದಿಲ್ಲ. ಸ್ಯಾನ್ ಆಂಟೋನಿಯೊದಿಂದ ಒಂದು ಗಂಟೆಯೊಳಗೆ, ಆಸ್ಟಿನ್‌ನಿಂದ ಎರಡು ಗಂಟೆಯೊಳಗೆ ತಲುಪಬಹುದು. ಹ್ಯೂಸ್ಟನ್ ಮತ್ತು ಡಲ್ಲಾಸ್‌ನವರು ನಾಲ್ಕೈದು ಗಂಟೆಯ ಹಾದಿಗೆ ಸಿದ್ಧರಾಗಿ ಬರಬೇಕು.

ನೀರಿನ ಪ್ರಶ್ನೆ ಮೊದಲು ಏಕೆಂದರೆ, ನೀರನ್ನು ಹಿಡಿದು ಬಿಡುವ ಕ್ಯಾನ್ಯನ್ ಲೇಕ್ ಜಲಾಶಯ ನದಿಯ ಹರಿವಿನಲ್ಲಿ ಈ ಉದ್ಯಾನದ ಕೆಳಗಿದೆ, ಮೇಲಿಲ್ಲ. 1964ರಿಂದ ನೀರು ನಿಲ್ಲಿಸಿಕೊಳ್ಳುತ್ತಿರುವ ಆ ಅಣೆಕಟ್ಟಿನ ಕೆಳಗೆ, ನ್ಯೂ ಬ್ರೌನ್‌ಫೆಲ್ಸ್ ಕಡೆಗೆ, ಲೆಕ್ಕ ಹಾಕಿ ಬಿಟ್ಟ ನೀರು ಹರಿಯುತ್ತದೆ. ನಮ್ಮ ಉದ್ಯಾನದ ಭಾಗದಲ್ಲಿ ಹರಿಯುವುದು ಮಳೆ ಕೊಟ್ಟಷ್ಟೇ ನೀರು. ಬರಗಾಲದಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಮಡು ಮಾತ್ರ ಉಳಿಯುತ್ತದೆ. ಮೇಲೆ ಜೋರು ಮಳೆ ಬಿದ್ದರೆ ಅದೇ ನದಿ ದಡ ಮೀರುತ್ತದೆ. ಹೀಗಾಗಿ ದಿನಾಂಕ, ಜಾಗ, ಮಕ್ಕಳ ಆಟ ಎಲ್ಲವನ್ನೂ ನದಿಯನ್ನು ನೋಡಿಕೊಂಡೇ ನಿರ್ಧರಿಸಬೇಕು.

1. ದಿನ ಗೊತ್ತು ಮಾಡಿ

ನನ್ನ ಆಯ್ಕೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ರಸ್ತೆಯ ಬದಿಗಳಲ್ಲಿ ಬ್ಲೂಬಾನೆಟ್ ಹೂವು ನೀಲಿಯಾಗಿ ಹಾಸಿರುವ ಹೊತ್ತಿಗೇ ಯುಗಾದಿಯೂ ಬರುತ್ತದೆ. ಹಗಲು ಹಿತ, ರಾತ್ರಿ ತೆಳುವಾದ ಸ್ವೆಟರ್ ಸಾಕು. ಮಾರ್ಚ್ ಮಧ್ಯದ ಶಾಲಾ ರಜೆಯ ವಾರವನ್ನು ಮಾತ್ರ ಬಿಟ್ಟುಬಿಡಿ, ಆಗ ಜಾಗವೂ ಸಿಗುವುದಿಲ್ಲ, ಸಿಕ್ಕಿದರೂ ನೆಮ್ಮದಿ ಇರುವುದಿಲ್ಲ.

ಎರಡನೆಯ ಆಯ್ಕೆ ಅಕ್ಟೋಬರ್ ಕೊನೆ ಮತ್ತು ನವೆಂಬರ್. ಸೈಪ್ರೆಸ್ ಎಲೆಗಳು ತುಕ್ಕಿನ ಬಣ್ಣಕ್ಕೆ ತಿರುಗುವ ಕಾಲ ಅದು. ನೀರು ತಣ್ಣಗಿರುತ್ತದೆ, ಈಜುವ ಆಸೆ ಇಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ನೀರಾಟಕ್ಕೆ ಎಲ್ಲರೂ ಬರುತ್ತಾರೆ, ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಹಗಲಿನ ಬಿಸಿಲು 35 ಡಿಗ್ರಿ ದಾಟುತ್ತದೆ. ಟೆಂಟಿನೊಳಗೆ ರಾತ್ರಿ ಹನ್ನೊಂದಕ್ಕೂ ಸೆಕೆ. ವಯಸ್ಸಾದ ತಂದೆತಾಯಿ ಊರಿನಿಂದ ಬಂದಿದ್ದರೆ ಬೇಸಿಗೆ ಬೇಡವೇ ಬೇಡ. ಡಿಸೆಂಬರ್, ಜನವರಿಯಲ್ಲಿ ಆಶ್ ಜುನಿಪರ್ ಮರಗಳ ಪರಾಗ ಹಾರುತ್ತದೆ. ಸ್ಥಳೀಯರು ಸೀಡರ್ ಜ್ವರ ಎಂದು ಕರೆಯುವ ಸೀನು, ಕಣ್ಣುರಿ, ಮೂಗು ಸೋರುವಿಕೆ ಶುರುವಾಗುವುದು ಆಗಲೇ. ಅಲರ್ಜಿ ಇರುವವರು ಆ ಮರಗಳ ಮಧ್ಯೆಯೇ ಹೋಗಿ ಮಲಗುವುದರಲ್ಲಿ ಅರ್ಥವಿಲ್ಲ.

2. ಜಾಗ ಕಾಯ್ದಿರಿಸಿ

ಟೆಕ್ಸಾಸ್ ಸ್ಟೇಟ್ ಪಾರ್ಕ್‌ಗಳಲ್ಲಿ ಟೆಂಟಿನ ಜಾಗವನ್ನು 5 ತಿಂಗಳು ಮೊದಲೇ ಕಾಯ್ದಿರಿಸಬಹುದು. ಒಳ್ಳೆಯ ವಾರಾಂತ್ಯ ಬೇಕಿದ್ದರೆ ಆ ದಿನ ತೆರೆದ ಕೂಡಲೇ ಕುಳಿತು ಮಾಡಿಬಿಡಿ. ಸಿಗದಿದ್ದರೆ ಕೈಬಿಡಬೇಡಿ, ಹೊರಡುವ ವಾರದಲ್ಲಿ ಹವಾಮಾನ ನೋಡಿ ರದ್ದು ಮಾಡುವವರು ಇದ್ದೇ ಇರುತ್ತಾರೆ. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳು ಸಾಮಾನ್ಯವಾಗಿ ಸುಲಭವಾಗಿ ಸಿಗುತ್ತವೆ.

ಜಾಗಗಳಲ್ಲಿ ಮೂರು ಬಗೆ. ವಿದ್ಯುತ್ತು ಮತ್ತು ನಲ್ಲಿ ಎರಡೂ ಇರುವವು, ನಲ್ಲಿ ಮಾತ್ರ ಇರುವವು, ಕಾರು ನಿಲ್ಲಿಸಿ ಸಾಮಾನು ಹೊತ್ತುಕೊಂಡು ನಡೆದು ತಲುಪುವವು. ಮೂರನೆಯ ಬಗೆ ಅಗ್ಗ, ನೆರಳು ಚೆನ್ನ, ಪಕ್ಕದವರ ಜನರೇಟರಿನ ಗದ್ದಲವಿಲ್ಲ. ಆದರೆ ನಮ್ಮ ಜನ ತರುವ ಸಾಮಾನಿನ ಪ್ರಮಾಣ ನೋಡಿದವನಾಗಿ ಹೇಳುತ್ತೇನೆ: ಮೊದಲ ಬಾರಿಗೆ, ಅದರಲ್ಲೂ ಚಿಕ್ಕ ಮಕ್ಕಳೊಂದಿಗೆ, ವಿದ್ಯುತ್ತು ಇರುವ ಜಾಗವನ್ನೇ ಹಿಡಿಯಿರಿ. ಒಂದು ಟೇಬಲ್ ಫ್ಯಾನ್ ಮತ್ತು ಒಂದು ವಿದ್ಯುತ್ ಅನ್ನದ ಕುಕ್ಕರ್ ಇದ್ದರೆ ಮನೆಯವರೆಲ್ಲರ ಮನಸ್ಸು ಹಗುರಾಗುತ್ತದೆ. ಇದನ್ನು ನಿಜವಾದ ಕ್ಯಾಂಪಿಂಗ್ ಅಲ್ಲ ಎಂದು ಮೂಗು ಮುರಿಯುವವರು ಇರುತ್ತಾರೆ. ಅವರ ಜೊತೆ ವಾದಕ್ಕಿಳಿಯುವ ಅಗತ್ಯವಿಲ್ಲ.

ಒಂದು ಜಾಗದಲ್ಲಿ 8 ಮಂದಿ ಮಾತ್ರ. ಮೂರು ಕುಟುಂಬಗಳು ಸೇರಿ ಒಂದೇ ಜಾಗ ಹಿಡಿದು ಅಲ್ಲೇ ಹೊಂದಿಸಿಕೊಳ್ಳುವ ಲೆಕ್ಕ ನಡೆಯುವುದಿಲ್ಲ. ಅಕ್ಕಪಕ್ಕದ ಎರಡು ಜಾಗ ಕಾಯ್ದಿರಿಸಿ. ನಕ್ಷೆ ನೋಡುವಾಗ ಸ್ನಾನಗೃಹದ ಕಟ್ಟಡ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಅತ್ತೆ, ಮಾವ ಜೊತೆಗಿದ್ದರೆ ಅದಕ್ಕೆ ಹತ್ತಿರ, ಆದರೆ ಎದುರಿಗೇ ಅಲ್ಲದಂತೆ ಒಂದೆರಡು ಜಾಗ ದೂರ ಇರಲಿ. ಎದುರಿಗೇ ಇದ್ದರೆ ರಾತ್ರಿಯೆಲ್ಲ ಟಾರ್ಚಿನ ಬೆಳಕು ಮುಖಕ್ಕೆ ಬೀಳುತ್ತದೆ.

ಟೆಂಟಿನ ಜಾಗದ ಬಾಡಿಗೆಯ ಮೇಲೆ ಪ್ರವೇಶ ಶುಲ್ಕ ಬೇರೆ: 13 ವರ್ಷ ಮತ್ತು ಮೇಲ್ಪಟ್ಟವರಿಗೆ ತಲೆಗೆ ದಿನಕ್ಕೆ 7 ಡಾಲರ್, 12ರವರೆಗಿನ ಮಕ್ಕಳಿಗೆ ಇಲ್ಲ. 70 ಡಾಲರಿನ ವಾರ್ಷಿಕ ಪಾಸ್ ಕೊಂಡರೆ ಅದೇ ಕಾರಿನಲ್ಲಿ ಬಂದವರೆಲ್ಲರ ಪ್ರವೇಶ ಶುಲ್ಕ ಮಾಫಿ, ರಾಜ್ಯದ ಬೇರೆ ಸ್ಟೇಟ್ ಪಾರ್ಕ್‌ಗಳಿಗೂ ಅದೇ ಪಾಸ್. ನಾಲ್ವರು ವಯಸ್ಕರು ಎರಡು ದಿನ ಇದ್ದರೆ 56 ಡಾಲರ್ ಆಗುತ್ತದೆ, ವರ್ಷದಲ್ಲಿ ಇನ್ನೊಮ್ಮೆ ಹೋಗುವ ಯೋಚನೆಯಿದ್ದರೆ ಪಾಸೇ ಲಾಭ. ದರಗಳು ಆಗಾಗ ಬದಲಾಗುತ್ತವೆ, ಕಾಯ್ದಿರಿಸುವಾಗ ಕಾಣುವ ಮೊತ್ತವೇ ಕೊನೆಯ ಮಾತು.

3. ನದಿಯ ಲೆಕ್ಕ ನೋಡಲು ಕಲಿಯಿರಿ

ಇದು ಈ ಬರಹದ ಮುಖ್ಯ ಭಾಗ, ಆತುರವಿದ್ದವರು ಬೇರೆಯದನ್ನು ಬಿಟ್ಟರೂ ಇದನ್ನು ಓದಬೇಕು.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾದ ಯುಎಸ್‌ಜಿಎಸ್ ಈ ನದಿಗೆ ಹಲವು ಕಡೆ ಮಾಪಕಗಳನ್ನು ಇಟ್ಟಿದೆ. ಎರಡು ಮಾಪಕಗಳ ಹೆಸರು ನೆನಪಿಡಿ. ಕಂಫರ್ಟ್ ಎಂಬ ಊರಿನದು ಉದ್ಯಾನಕ್ಕಿಂತ ಮೇಲಿದೆ, ಸ್ಪ್ರಿಂಗ್ ಬ್ರಾಂಚ್ ಬಳಿಯದು ಕೆಳಗಿದೆ. ನೀರಿನ ಎತ್ತರವನ್ನೂ ಹರಿವಿನ ಪ್ರಮಾಣವನ್ನೂ ಅವು ದಿನವಿಡೀ ಅಂತರ್ಜಾಲದಲ್ಲಿ ತೋರಿಸುತ್ತಿರುತ್ತವೆ. ಹರಿವಿನ ಅಳತೆ ಘನ ಅಡಿ ಪ್ರತಿ ಸೆಕೆಂಡಿಗೆ, ಅಂದರೆ ನಾವು ಕೆ.ಆರ್.ಎಸ್. ಒಳಹರಿವಿನ ಸುದ್ದಿಯಲ್ಲಿ ಪ್ರತಿ ಮಳೆಗಾಲವೂ ಓದುವ ಅದೇ ಕ್ಯೂಸೆಕ್. ಈ ವಿಷಯದಲ್ಲಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ಸ್ಪ್ರಿಂಗ್ ಬ್ರಾಂಚ್ ಮಾಪಕ 50 ಕ್ಯೂಸೆಕ್‌ಗಿಂತ ಕಡಿಮೆ ತೋರಿಸಿದರೆ ರಬ್ಬರ್ ಟ್ಯೂಬಿನಲ್ಲಿ ತೇಲುವುದನ್ನು ಮರೆತುಬಿಡಿ, ತಳ ಕಲ್ಲಿಗೆ ಉಜ್ಜುತ್ತದೆ. ಆದರೆ ಪುಟ್ಟ ಮಕ್ಕಳು ಮೊಣಕಾಲು ನೀರಿನಲ್ಲಿ ಆಡಲು ಇದು ಹೇಳಿ ಮಾಡಿಸಿದ ಸ್ಥಿತಿ. 100ರಿಂದ 250ರವರೆಗೆ ಎಲ್ಲರಿಗೂ ಸಂತೋಷ. 300 ದಾಟಿದರೆ ಈಜು ಬಾರದವರು ದಡದಲ್ಲಿ ಕಾಲು ನೆನೆಸಿಕೊಂಡು ಸುಮ್ಮನಿರಬೇಕು. 500 ದಾಟಿದರೆ ನಮ್ಮ ಮನೆಯ ಮಕ್ಕಳು ನೀರಿಗಿಳಿಯುವುದಿಲ್ಲ, ಅಷ್ಟೇ. ನುರಿತ ಕಯಾಕ್ ಸವಾರರು ಅದಕ್ಕಿಂತ ಹೆಚ್ಚಿನ ನೀರಿನಲ್ಲಿ ನಗುನಗುತ್ತಾ ಹೋಗುತ್ತಾರೆ. ಅವರನ್ನು ನೋಡಿ ನಾವು ಇಳಿಯುವುದು ಬೇಡ.

ಅಂಕಿಗಿಂತಲೂ ಗೆರೆ ಯಾವ ಕಡೆ ಹೋಗುತ್ತಿದೆ ಎಂಬುದು ಮುಖ್ಯ. 200 ಇದ್ದು ನಿಧಾನವಾಗಿ ಇಳಿಯುತ್ತಿದ್ದರೆ ನೀರು ತಿಳಿಯಾಗಿರುತ್ತದೆ. 150 ಇದ್ದು ಒಂದೇ ಗಂಟೆಯಲ್ಲಿ ಮೇಲಕ್ಕೆ ತಿರುಗಿದ್ದರೆ ಮೇಲೆ ಎಲ್ಲೋ ಮಳೆಯಾಗಿದೆ ಎಂದರ್ಥ. ಕಂಫರ್ಟ್‌ನಲ್ಲಿ ಏರಿದ ನೀರು ನಿಮ್ಮ ಬಳಿ ಬರಲು ಕೆಲವು ಗಂಟೆ ಹಿಡಿಯುತ್ತದೆ. ಆ ಕೆಲವು ಗಂಟೆಗಳೇ ನಿಮ್ಮ ಪಾಲಿನ ಮುನ್ನೆಚ್ಚರಿಕೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಲ್ ಕಂಟ್ರಿ ಎಂದು ಕರೆಯುವ ಈ ಗುಡ್ಡಗಾಡಿನಲ್ಲಿ ಮಣ್ಣಿನ ಪದರ ತೆಳು, ಅಡಿಯಲ್ಲಿ ಸುಣ್ಣಕಲ್ಲು. ಬಿದ್ದ ಮಳೆ ಇಂಗುವುದಕ್ಕಿಂತ ಮೊದಲೇ ಇಳಿಜಾರಿನಲ್ಲಿ ಓಡುತ್ತದೆ. ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ ಬಾಲ್ಕೋನ್ಸ್ ಏರುಗುಡ್ಡಕ್ಕೆ ತಾಗಿ ಒಂದೇ ಕಡೆ ಗಂಟೆಗಟ್ಟಲೆ ಮಳೆ ಸುರಿಸುವುದು ಇಲ್ಲಿ ಅಪರೂಪವಲ್ಲ. ಹಠಾತ್ ನೆರೆಗೆ ದೇಶದಲ್ಲೇ ಹೆಸರಾದ ಪ್ರದೇಶ ಇದು. 1987ರ ಜುಲೈ 17ರಂದು ಕಂಫರ್ಟ್ ಬಳಿ ಶಿಬಿರದಿಂದ ಮಕ್ಕಳನ್ನು ಹೊರಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ನೆರೆಗೆ ಸಿಕ್ಕಿ ಹತ್ತು ಮಂದಿ ಹದಿಹರೆಯದವರು ಸತ್ತರು. 2025ರ ಜುಲೈ 4ರ ಬೆಳಗಿನ ಜಾವ ಇದೇ ನದಿ ಕೆರ್ ಕೌಂಟಿಯಲ್ಲಿ ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತು. ನೂರಕ್ಕೂ ಹೆಚ್ಚು ಜನರ ಪ್ರಾಣ ಹೋಯಿತು, ಅವರಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹುಡುಗಿಯರು ಇದ್ದರು. ನೆರೆ ಬಂದದ್ದು ಜನ ಮಲಗಿದ್ದ ಹೊತ್ತಿನಲ್ಲಿ.

ಹಾಗಾಗಿ ರಾತ್ರಿಯ ವ್ಯವಸ್ಥೆ ಹಗಲಿನಲ್ಲೇ ಆಗಿರಬೇಕು. ಉದ್ಯಾನದೊಳಗೆ ಮೊಬೈಲ್ ಸಿಗ್ನಲ್ ಹಲವು ಕಡೆ ದುರ್ಬಲ. ಫೋನನ್ನೇ ನಂಬದೆ, ಅಮೆರಿಕದ ಹವಾಮಾನ ಸಂಸ್ಥೆ ಎನ್‌ಒಎಎ ಬಿತ್ತರಿಸುವ ಎಚ್ಚರಿಕೆಗಳನ್ನು ಹಿಡಿಯುವ, ಬ್ಯಾಟರಿಯಲ್ಲಿ ಓಡುವ ಒಂದು ಹವಾಮಾನ ರೇಡಿಯೊ ಕೊಂಡುಕೊಳ್ಳಿ. ಎಚ್ಚರಿಕೆ ಹೊರಟಾಗ ತಾನೇ ಕೂಗಿ ಎಬ್ಬಿಸುವಂಥದ್ದು ಬೇಕು. ಬಂದ ಸಂಜೆಯೇ ಟೆಂಟಿನಿಂದ ಎತ್ತರದ ಜಾಗಕ್ಕೆ ಯಾವ ದಾರಿ ಎಂದು ಮಕ್ಕಳನ್ನೂ ಕರೆದುಕೊಂಡು ಒಮ್ಮೆ ನಡೆದು ನೋಡಿ. ಕಾರಿನ ಕೀಲಿ ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿರಲಿ. ವಾಪಸು ಬರುವಾಗ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರು ತಿರುಗಿಸಿ. ಅರ್ಧ ಅಡಿ ಸೆಳವು ನಿಂತ ಮನುಷ್ಯನನ್ನು ಬೀಳಿಸುತ್ತದೆ, ಒಂದು ಅಡಿ ಸೆಳವು ಸಾಧಾರಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಕಣ್ಣಳತೆಯಲ್ಲಿ ಆಳ ತಿಳಿಯುವುದೇ ಇಲ್ಲ.

4. ಸಾಮಾನು

ಟೆಂಟಿನ ಮೇಲೆ ಬರೆದಿರುವ ಸಂಖ್ಯೆಯನ್ನು ನಂಬಬೇಡಿ. ಆರು ಮಂದಿಯ ಟೆಂಟ್ ಎಂದರೆ ಆರು ಮಂದಿ ಮಗ್ಗುಲು ಬದಲಿಸದೆ ಮಲಗುವ ಟೆಂಟ್. ನಾಲ್ವರಿಗೆ ಆರರದ್ದು, ಇಬ್ಬರಿಗೆ ನಾಲ್ಕರದ್ದು ಕೊಳ್ಳಿ. ಮೇಲುಹೊದಿಕೆ ಅರ್ಧಕ್ಕೆ ನಿಲ್ಲದೆ ನೆಲದವರೆಗೂ ಬರುವಂತಿರಲಿ.

ಟೆಂಟಿನ ಜೊತೆ ಬರುವ ತೆಳು ಗೂಟಗಳು ಇಲ್ಲಿ ಕೆಲಸಕ್ಕೆ ಬಾರವು. ಮೇಲೆ ಜಲ್ಲಿ, ಕೆಳಗೆ ಸುಣ್ಣಕಲ್ಲು. ಎರಡು ಏಟಿಗೇ ಬಾಗುತ್ತವೆ. ಹತ್ತು ಅಂಗುಲದ ದಪ್ಪ ಉಕ್ಕಿನ ಗೂಟಗಳನ್ನು ಒಂದು ಡಜನ್ ಕೊಂಡುಕೊಳ್ಳಿ, ಜೊತೆಗೆ ಭಾರದ ಸುತ್ತಿಗೆ. ಇದೊಂದೇ ಖರೀದಿಯಿಂದ ಸಂಜೆಯ ಅರ್ಧ ಜಗಳ ತಪ್ಪುತ್ತದೆ.

ನೆಲದ ಮೇಲೆ ಮಲಗಿ ಅಭ್ಯಾಸವಿರುವ ನಮ್ಮವರಿಗೂ ಜಲ್ಲಿಯ ಮೇಲೆ ಜಮಖಾನ ಸಾಲದು. ಗಾಳಿ ತುಂಬುವ ಹಾಸಿಗೆ ಅಥವಾ ದಪ್ಪ ಫೋಮ್ ಚಾಪೆ ತನ್ನಿ, ಹಿರಿಯರಿಗೆ ಮಡಚುವ ಮಂಚ. ಮೊಣಕಾಲು ನೋವಿರುವವರಿಗೆ ಟೆಂಟಿನೊಳಗೆ ನೆಲದಿಂದ ಏಳುವುದೇ ದೊಡ್ಡ ಕಷ್ಟ, ಮಂಚವಿದ್ದರೆ ಕಾಲು ಕೆಳಗಿಟ್ಟು ಏಳಬಹುದು. ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು. ಬಟ್ಟೆಯಲ್ಲಿ ಹತ್ತಿ ಕಡಿಮೆ ಇರಲಿ, ಅದು ನೆನೆದರೆ ಒಣಗುವುದಿಲ್ಲ. ಹಗ್ಗ ಹತ್ತು ಮಾರು, ಬಟ್ಟೆ ಕ್ಲಿಪ್ಪು, ಒಂದು ಟಾರ್ಪಾಲಿನ್, ಪೊರಕೆ. ಪೊರಕೆ ಎಂದರೆ ನಗಬೇಡಿ. ಎರಡನೆಯ ದಿನ ಟೆಂಟಿನೊಳಗಿನ ಮಣ್ಣು ನೋಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಮರೆತದ್ದೇನಾದರೂ ಇದ್ದರೆ 281 ಮತ್ತು 46ನೇ ಹೆದ್ದಾರಿಗಳು ಕೂಡುವಲ್ಲಿ ದೊಡ್ಡ ದಿನಸಿ ಅಂಗಡಿ ಇದೆ. ಐಸ್, ಮೊಸರು, ಸೌದೆ ಎಲ್ಲ ಅಲ್ಲೇ. ಅಲ್ಲಿಂದ 46ರಲ್ಲಿ ಪಶ್ಚಿಮಕ್ಕೆ ಹೋಗಿ ಪಾರ್ಕ್ ರೋಡ್ 31ಕ್ಕೆ ತಿರುಗಬೇಕು. ನಕ್ಷೆಯನ್ನು ಅಂಗಡಿಯ ಬಳಿಯೇ ಫೋನಿಗೆ ಇಳಿಸಿಕೊಂಡುಬಿಡಿ.

5. ಬೆಳಕಿರುವಾಗಲೇ ಟೆಂಟ್ ನಿಲ್ಲಿಸಿ

ಜಾಗ ಕೈಗೆ ಸಿಗುವುದು ಮಧ್ಯಾಹ್ನ 2 ಗಂಟೆಗೆ. ಶುಕ್ರವಾರ ಕಚೇರಿ ಮುಗಿಸಿ, ಮಕ್ಕಳನ್ನು ಕರೆದುಕೊಂಡು, ದಾರಿಯಲ್ಲಿ ಕಾಫಿ ಕುಡಿದು ರಾತ್ರಿ ಒಂಬತ್ತಕ್ಕೆ ಬಂದಿಳಿಯುವುದು ನಮ್ಮಲ್ಲಿ ವಾಡಿಕೆ. ಅದನ್ನು ಮಾತ್ರ ಮಾಡಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದದ ಸಮಯ. ಕಾರಿನ ದೀಪ ಹಾಕಿಕೊಂಡು ಗೂಟ ಹೊಡೆಯುವ ಸದ್ದಿಗೆ ಸುತ್ತಲಿನವರೆಲ್ಲ ಎದ್ದು ಕೂರುತ್ತಾರೆ. ಅರ್ಧ ದಿನ ರಜೆ ಹಾಕಿ, ಇಲ್ಲವೇ ಶನಿವಾರ ಬನ್ನಿ.

ಮೊದಲು ಮೇಲೆ ನೋಡಿ: ಒಣ ಕೊಂಬೆ ನೇತಾಡುತ್ತಿದ್ದರೆ ಅದರಡಿ ಬೇಡ. ಆಮೇಲೆ ಕೆಳಗೆ ನೋಡಿ: ಸಡಿಲ ಮಣ್ಣಿನ ಗುಡ್ಡೆ ಕಂಡರೆ ಅದು ಬೆಂಕಿ ಇರುವೆಯ ಗೂಡು. ಟೆಂಟಿಗಾಗಿಯೇ ಸಮ ಮಾಡಿದ ಜಾಗ ಇರುತ್ತದೆ, ಅದರೊಳಗೇ ಹಾಕಿ. ಅಡಿಹಾಸನ್ನು ಹರಡಿದಾಗ ಅದರ ಅಂಚು ಟೆಂಟಿನಿಂದ ಆಚೆ ಚಾಚಿಕೊಂಡಿದ್ದರೆ ಒಳಕ್ಕೆ ಮಡಚಿ, ಇಲ್ಲದಿದ್ದರೆ ಮೇಲಿಂದ ಬಿದ್ದ ಮಳೆನೀರು ಹಾಸಿನ ಮೇಲೆ ಸೇರಿ ಟೆಂಟಿನಡಿಗೆ ಬರುತ್ತದೆ. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಗೂಟವನ್ನು ಟೆಂಟಿನಿಂದ ಹೊರಕ್ಕೆ ವಾಲಿಸಿ ಹೊಡೆಯಿರಿ. ಕಲ್ಲು ತಾಗಿ ಇಳಿಯದಿದ್ದರೆ ಜಾಗವನ್ನು ಎರಡು ಅಂಗುಲ ಸರಿಸಿ ಮತ್ತೆ ಹೊಡೆಯಿರಿ, ಬಲ ಪ್ರಯೋಗಿಸಿ ಪ್ರಯೋಜನವಿಲ್ಲ. ಎಲ್ಲಿಯೂ ಇಳಿಯದಿದ್ದರೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಬಿಗಿಯಿರಿ. ಆಕಾಶ ಎಷ್ಟೇ ಶುಭ್ರವಾಗಿರಲಿ, ಮೇಲುಹೊದಿಕೆ ಹಾಕದೆ ಮಲಗಬೇಡಿ.

6. ಒಲೆ, ಕೆಂಡ, ಊಟ

ಮೊದಲ ರಾತ್ರಿಗೆ ಅಡುಗೆ ಮಾಡುವ ಹಟ ಬೇಡ. ಮನೆಯಿಂದ ತಂದ ಚಪಾತಿ, ಒಣ ಪಲ್ಯ, ಗೊಜ್ಜು ಕಲಸಿದ ಪುಳಿಯೋಗರೆ ಸಾಕು. ಮೊಸರನ್ನದ ಆಸೆ ಇದ್ದರೆ ಮೊಸರನ್ನು ಐಸ್ ಪೆಟ್ಟಿಗೆಯ ತಳದಲ್ಲಿಟ್ಟು ತನ್ನಿ, ಅನ್ನ ಅಲ್ಲೇ ಮಾಡಿ ಕಲಸಿಕೊಳ್ಳಿ.

ಬೆಳಗಿನ ತಿಂಡಿಗೆ ಉಪ್ಪಿಟ್ಟಿನ ಪುಡಿ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು ಹಾಕಿ. ಕರಿಬೇವು ಕೈಯಲ್ಲಿ ಮುರಿದರೆ ಪುಡಿಯಾಗುವಷ್ಟು ಗರಿಗರಿಯಾಗಬೇಕು, ಹಸಿ ಉಳಿದರೆ ಡಬ್ಬಿಯೊಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ರವೆ ಸುರಿದು ಘಮ್ಮೆನ್ನುವವರೆಗೆ ಹುರಿದು, ಉಪ್ಪು ಬೆರೆಸಿ, ಪೂರ್ತಿ ಆರಿದ ಮೇಲೆ ಕಟ್ಟಿಡಿ. ಅಲ್ಲಿ ಮಾಡಬೇಕಾದದ್ದು ಇಷ್ಟೇ: ಒಂದು ಲೋಟ ಪುಡಿಗೆ ಎರಡೂವರೆ ಲೋಟ ನೀರು ಕುದಿಸಿ, ಪುಡಿಯನ್ನು ಉದುರಿಸುತ್ತಾ ತಿರುವಿ, ಮುಚ್ಚಿ ಐದು ನಿಮಿಷ ಬಿಟ್ಟು, ನಿಂಬೆಹಣ್ಣು ಹಿಂಡಿ ತುಪ್ಪ ಹಾಕುವುದು. ಗಾಳಿಗೆ ಒಲೆಯ ಉರಿ ಓಡಾಡಿದರೆ ಸಾಮಾನಿನ ಪೆಟ್ಟಿಗೆಯನ್ನು ಅಡ್ಡ ಇಡಿ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ಒಯ್ಯಬಾರದು. ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ.

ಸಂಜೆಯ ಕೆಂಡಕ್ಕೆ ನಮ್ಮ ಅಡುಗೆಯಲ್ಲಿ ಸರಿಸಾಟಿಯಾದದ್ದು ಸುಟ್ಟ ಬದನೆಕಾಯಿ ಮೊಸರುಬಜ್ಜಿ. ದಪ್ಪ ಬದನೆಕಾಯಿಗೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ, ಉರಿಯ ಮೇಲಲ್ಲದೆ ಪಕ್ಕದ ಕೆಂಡದ ಮೇಲಿಡಿ. ಚುಚ್ಚದಿದ್ದರೆ ಒಡೆದು ಸಿಡಿಯಬಹುದು. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಬಾರಿ ಹೊರಳಿಸಿ. ತೊಟ್ಟಿನ ಬುಡ ಒತ್ತಿದರೆ ಮೆತ್ತಗಾಗಿರಬೇಕು, ಅಲ್ಲಿ ಗಟ್ಟಿಯಿದ್ದರೆ ಒಳಗೆ ಬೆಂದಿಲ್ಲ. ಕರಕಲಾದ ಸಿಪ್ಪೆ ತೆಗೆದು, ಹಿಸುಕಿ, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಉಪ್ಪು, ಮೊಸರು. ಗೆಣಸನ್ನು ಅದೇ ಬೂದಿಯಲ್ಲಿ ಹೂತುಬಿಟ್ಟರೆ ಊಟ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಸಿಹಿ ಸಿದ್ಧ.

ಬೆಂಕಿಗೆ ಮೊದಲು ಒಂದು ವಿಚಾರಣೆ ಅಗತ್ಯ. ಒಣಹವೆಯಲ್ಲಿ ಕೌಂಟಿಗಳು ಬೆಂಕಿ ನಿಷೇಧ ಹೇರುತ್ತವೆ. ಒಳಬರುವಾಗ ಕಚೇರಿಯಲ್ಲಿ ಕೇಳಿ, ನಿಷೇಧವಿದ್ದರೆ ಯಾವ ಒಲೆಗೆ ಅನುಮತಿ ಇದೆ ಎಂಬುದನ್ನೂ ಅಲ್ಲೇ ತಿಳಿದುಕೊಳ್ಳಿ. ಉದ್ಯಾನದಲ್ಲಿ ಬಿದ್ದ ಕಟ್ಟಿಗೆಯನ್ನು ಆರಿಸುವಂತಿಲ್ಲ. ದೂರದೂರಿಂದ ಸೌದೆ ತಂದರೆ ಮರದ ಹುಳುಗಳೂ ಜೊತೆಗೆ ಬರುತ್ತವೆ, ಆದ್ದರಿಂದ ಹತ್ತಿರದಲ್ಲೇ ಕೊಳ್ಳಿ. ಮಲಗುವ ಮುಂಚೆ ನೀರು ಸುರಿದು, ಕಡ್ಡಿಯಿಂದ ಕಲಕಿ, ಮತ್ತೆ ಸುರಿಯಿರಿ. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದಾಗ ಬಿಸಿ ತಾಗಬಾರದು.

ಪಾತ್ರೆಯನ್ನು ನದಿಯಲ್ಲಿ ತೊಳೆಯುವುದು ನಮ್ಮ ಊರಿನ ಅಭ್ಯಾಸವಿರಬಹುದು, ಇಲ್ಲಿ ಬೇಡ. ಎಣ್ಣೆ ಜಿಡ್ಡನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಉಳಿದದ್ದನ್ನು ತೊಟ್ಟಿಯಲ್ಲಿ ತೊಳೆದು, ಆ ನೀರನ್ನು ಎಲ್ಲಿ ಚೆಲ್ಲಬೇಕೆಂದು ಹೇಳಿರುತ್ತಾರೋ ಅಲ್ಲೇ ಚೆಲ್ಲಿ. ತಿನ್ನುವುದೆಲ್ಲ ರಾತ್ರಿ ಕಾರಿನೊಳಗೆ ಹೋಗಬೇಕು. ರಕೂನ್ ಎಂಬ ಪ್ರಾಣಿಗೆ ಐಸ್ ಪೆಟ್ಟಿಗೆಯ ಚಿಲಕ ತೆಗೆಯುವುದು ಚೆನ್ನಾಗಿ ಗೊತ್ತು. ಚಕ್ಕುಲಿ ಡಬ್ಬಿಯನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಿದರೆ ಅದಕ್ಕೆ ನೀವೇ ಆಹ್ವಾನ ಕೊಟ್ಟಂತೆ. ಇನ್ನೊಂದು ಮಾತು: ಸ್ಟೇಟ್ ಪಾರ್ಕ್‌ನ ಸಾರ್ವಜನಿಕ ಜಾಗದಲ್ಲಿ ಮದ್ಯ ಕುಡಿಯುವುದಕ್ಕೂ ಪ್ರದರ್ಶಿಸುವುದಕ್ಕೂ ನಿಷೇಧವಿದೆ.

7. ನೀರಿಗಿಳಿಯುವ ಕ್ರಮ

ಇಲ್ಲಿ ಜೀವರಕ್ಷಕರು ಇರುವುದಿಲ್ಲ. ನಿಮ್ಮ ಗುಂಪಿನಲ್ಲೇ ಒಬ್ಬರು ದಡದಲ್ಲಿ ನಿಂತು ನೋಡುವ ಪಾಳಿ ಹಾಕಿಕೊಳ್ಳಿ. ಪಾಳಿಯಲ್ಲಿರುವವರು ಫೋನು ಮುಟ್ಟಬಾರದು. ಹತ್ತು ಮಂದಿ ದೊಡ್ಡವರು ಇದ್ದಾಗಲೇ ಅಪಾಯ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ.

ನದಿಯ ತಳ ಸುಣ್ಣಕಲ್ಲಿನ ಹಾಸು, ಮೇಲೆ ಪಾಚಿ. ಹವಾಯಿ ಚಪ್ಪಲಿ ಮೊದಲ ಹೆಜ್ಜೆಗೇ ಕೈಕೊಡುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ನೀರಿನ ಪಾದರಕ್ಷೆ ಹಾಕಿ. ಮೊಣಕಾಲು ನೀರು ಎಂದು ನಡೆಯುತ್ತಿರುವಾಗಲೇ ಹಾಸು ತಟ್ಟನೆ ಮುಗಿದು ಮಡು ಶುರುವಾಗುತ್ತದೆ. ನೀರಿನ ಬಣ್ಣ ತಿಳಿ ಹಸಿರಿನಿಂದ ಕಡು ಹಸಿರಿಗೆ ತಿರುಗುವ ಗೆರೆಯೇ ಅದರ ಗುರುತು. ಆ ಗೆರೆಯನ್ನು ಮಕ್ಕಳಿಗೆ ತೋರಿಸಿ, ಅದರಾಚೆ ಲೈಫ್ ಜಾಕೆಟ್ ಇಲ್ಲದೆ ಹೋಗಬಾರದೆಂದು ಕಟ್ಟು ಮಾಡಿ. ದೋಣಿ, ಕಯಾಕ್‌ನಲ್ಲಿ ಸಾಗುವಾಗ 13 ವರ್ಷದೊಳಗಿನವರು ಜಾಕೆಟ್ ಧರಿಸಿರಲೇಬೇಕೆಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ಟ್ಯೂಬಿಗೂ ಅದೇ ನಿಯಮವನ್ನು ಮನೆಯ ಮಟ್ಟದಲ್ಲಿ ಜಾರಿ ಮಾಡಿ. ಕೈಗೆ ಗಾಳಿಚೀಲ ಕಟ್ಟುವುದು ಜಾಕೆಟ್ಟಿಗೆ ಬದಲಿಯಾಗುವುದಿಲ್ಲ.

ಟ್ಯೂಬಿನಲ್ಲಿ ತೇಲುವವರು ಮೊದಲು ದಡದಲ್ಲಿ ಕೆಳಗಿನವರೆಗೆ ನಡೆದು, ಎಲ್ಲಿ ಇಳಿಯಬೇಕು ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಟ್ಯೂಬನ್ನು ಹೊತ್ತು ಮೇಲಕ್ಕೆ ಬಂದು ತೇಲಿ. ಬಿಳಿ ನೊರೆಯ ಇಳಿಜಾರಿನಲ್ಲಿ ಮಗುಚಿದರೆ ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ಸೆಳವು ಮುಖ ಕೆಳಗೆ ಮಾಡಿ ಒತ್ತಿಹಿಡಿಯುತ್ತದೆ. ಅಂಗಾತ ಮಲಗಿ, ಕಾಲು ಮುಂದಕ್ಕೆ ಚಾಚಿ, ನೀರು ಶಾಂತವಾಗುವವರೆಗೆ ತೇಲಿಹೋಗಿ. ಸೈಪ್ರೆಸ್ ಬೇರುಗಳ ನಡುವೆ ನೀರು ನುಗ್ಗುವ ಕಡೆಗೆ ಹೋಗದಂತೆ ದೂರದಿಂದಲೇ ಕೈ ಬೀಸಿ ಈಜಿ. ಬಂಡೆಯ ಮೇಲಿಂದ ಧುಮುಕುವುದಂತೂ ಬೇಡವೇ ಬೇಡ.

8. ಕಚ್ಚುವವು, ಕುಟುಕುವವು

ಕತ್ತಲಾದ ಮೇಲೆ ಟಾರ್ಚ್ ಮತ್ತು ಮುಚ್ಚಿದ ಬೂಟು ಇಲ್ಲದೆ ಹೆಜ್ಜೆ ಇಡಬಾರದು. ಕಾಪರ್‌ಹೆಡ್ ಹಾವು ಒಣ ಎಲೆಯ ಬಣ್ಣದ್ದು, ತುಳಿಯುವವರೆಗೂ ಅಲುಗಾಡುವುದಿಲ್ಲ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. 911ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರುವುದೊಂದೇ ದಾರಿ. ಚೇಳು ರಾತ್ರಿ ಬೂಟಿನೊಳಗೆ ಸೇರುತ್ತದೆ, ಬೆಳಗ್ಗೆ ಕೊಡವಿ ಹಾಕಿಕೊಳ್ಳಿ. ಎತ್ತರದ ಹುಲ್ಲಿನಲ್ಲಿ ಚಿಗ್ಗರ್ ಎಂಬ ಕಣ್ಣಿಗೆ ಕಾಣದ ಹುಳು ಹತ್ತಿ ಕಾಲುಚೀಲದ ಅಂಚಿನಲ್ಲಿ ದಿನಗಟ್ಟಲೆ ತುರಿಸುತ್ತದೆ. ಹುಲ್ಲಿನ ಮೇಲೆ ನೇರವಾಗಿ ಕೂರಬೇಡಿ, ಸಂಜೆ ಮೈಗೆ ಉಣ್ಣಿ ಹುಳು ಅಂಟಿಕೊಂಡಿದೆಯೇ ಎಂದು ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿ. ಒಂದು ತೊಟ್ಟಿಗೆ ಮೂರು ಎಲೆಯ, ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಗಿಡ ನದಿಯ ಬದಿಯಲ್ಲಿ ಬೇಕಾದಷ್ಟಿದೆ. ಮುಟ್ಟಿದ್ದರೆ ಬೇಗನೆ ಸೋಪು ಹಾಕಿ ತೊಳೆಯಿರಿ.

9. ನೀರು ಬೇಡವೆನಿಸಿದಾಗ

ನಡೆಯಲು ಮತ್ತು ಸೈಕಲ್ ತುಳಿಯಲು ಸುಮಾರು 13 ಮೈಲಿ ಹಾದಿಗಳಿವೆ. ಬಿಸಿಲೇರುವ ಮುಂಚೆ ಹೊರಡಿ, ಏಕೆಂದರೆ ಗುಡ್ಡದ ಮೇಲೆ ನದೀದಡದ ನೆರಳು ಸಿಗುವುದಿಲ್ಲ. ಮಾರ್ಚ್‌ನಿಂದ ಬೇಸಿಗೆಯ ಮೊದಲ ಭಾಗದವರೆಗೆ ಬೆಳಗ್ಗೆ ಕಿವಿ ತೆರೆದಿರಿ. ಬಂಗಾರದ ಕೆನ್ನೆಯ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುವುದು ಜಗತ್ತಿನಲ್ಲಿ ಟೆಕ್ಸಾಸ್‌ನಲ್ಲಿ ಮಾತ್ರ. ಗೂಡಿಗೆ ಅದು ಹಳೆಯ ಆಶ್ ಜುನಿಪರ್ ಮರದ ತೊಗಟೆಯ ಸೀಳುಗಳನ್ನೇ ಬಳಸುತ್ತದೆ. ಚಳಿಗಾಲದಲ್ಲಿ ನಮ್ಮ ಮೂಗು ಸೋರಿಸುವ ಮರದ ಮೇಲೆ ಸಿಟ್ಟು ಸ್ವಲ್ಪ ಇಳಿಯಲು ಇದೊಂದು ಕಾರಣ.

ಪಕ್ಕದ ಹನಿ ಕ್ರೀಕ್ ಎಂಬ ರಕ್ಷಿತ ಪ್ರದೇಶಕ್ಕೆ ಮಾರ್ಗದರ್ಶಕರ ಜೊತೆ ಮಾತ್ರ ಪ್ರವೇಶ. ಅಂಥ ನಡಿಗೆ ಇದೆಯೇ ಎಂದು ಹೊರಡುವ ಮುಂಚೆ ಪಾರ್ಕ್‌ನ ಕಾರ್ಯಕ್ರಮ ಪಟ್ಟಿ ನೋಡಿ. ಮೀನು ಹಿಡಿಯುವ ಹವ್ಯಾಸವಿದ್ದರೆ ಸ್ಟೇಟ್ ಪಾರ್ಕ್‌ನ ದಡದಿಂದ ಹಿಡಿಯಲು ಪರವಾನಗಿ ಬೇಕಿಲ್ಲ. ಗಾತ್ರ ಮತ್ತು ಸಂಖ್ಯೆಯ ಮಿತಿಗಳು ಮಾತ್ರ ಅನ್ವಯಿಸುತ್ತವೆ. ಗ್ವಾಡಲೂಪ್ ಬಾಸ್ ಸಿಕ್ಕಿದರೆ ಮರಳಿ ಬಿಟ್ಟುಬಿಡಿ, ಅದು ಟೆಕ್ಸಾಸ್‌ನ ರಾಜ್ಯಮೀನು.

10. ಗೂಟ ಕೀಳುವುದು

ಮಧ್ಯಾಹ್ನ 12ರೊಳಗೆ ಜಾಗ ಬಿಡಬೇಕು. ಬೆಳಗ್ಗೆ ಟೆಂಟ್ ಇಬ್ಬನಿಯಿಂದ ನೆನೆದಿರುತ್ತದೆ, ಆದ್ದರಿಂದ ಎದ್ದ ಕೂಡಲೇ ಮೇಲುಹೊದಿಕೆಯನ್ನು ಹಗ್ಗಕ್ಕೆ ಹಾಕಿ ಬಿಸಿಲಿಗೆ ಬಿಡಿ, ತಿಂಡಿ ಆಮೇಲೆ. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಎಣಿಸದಿದ್ದರೆ ನಿಮ್ಮ ನಂತರ ಬರುವ ಮಗುವಿನ ಪಾದಕ್ಕೆ ಅದು ಸಿಗುತ್ತದೆ. ಬೆಂಕಿ ಹಾಕಿದ ಜಾಗದ ಬೂದಿಯೊಳಗೆ ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಳೆ ಉಳಿದಿದ್ದರೆ ಆರಿಸಿ. ಮನೆ ತಲುಪಿದ ಮೇಲೆ, ಎಷ್ಟೇ ಸುಸ್ತಾಗಿರಲಿ, ಟೆಂಟನ್ನು ಮತ್ತೊಮ್ಮೆ ಬಿಚ್ಚಿ ಗ್ಯಾರೇಜಿನಲ್ಲಿ ಒಣಹಾಕಿ. ಮಡಚಿಟ್ಟ ಒದ್ದೆ ಟೆಂಟ್ ಒಂದೇ ವಾರದಲ್ಲಿ ವಾಸನೆ ಹಿಡಿಯುತ್ತದೆ.

ಕಯಾಕ್, ಟ್ಯೂಬು, ನೀರಿನ ಬೂಟು ಇವನ್ನು ಮಾತ್ರ ಅಲ್ಲಿಯೇ ನೀರು ಬಸಿದು, ಕೆಸರು ತೊಳೆದು, ಒಣಗಿಸಿ ಕಾರಿಗೆ ಹಾಕಿ. ಕೆಳಗಿನ ಕ್ಯಾನ್ಯನ್ ಲೇಕ್‌ನಲ್ಲಿ 2017ರಿಂದ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪುಜೀವಿ ಬೇರೂರಿದೆ. ಅದರ ಮರಿಗಳು ಒಂದು ಲೋಟ ನಿಂತ ನೀರಿನಲ್ಲೂ ಪ್ರಯಾಣ ಮಾಡುತ್ತವೆ. ಒಂದೇ ವಾರಾಂತ್ಯದಲ್ಲಿ ಕೆರೆ ಮತ್ತು ನದಿ ಎರಡಕ್ಕೂ ಇಳಿಯುವ ಯೋಜನೆ ಇದ್ದರೆ ಮೊದಲು ನದಿ, ಆಮೇಲೆ ಕೆರೆ.